ಎಡ ಹೆಡ್‌ಲೈಟಿನ ಹಿಂದಿನ ಬೋಲ್ಟ್

ಕೊರೋನಾ ಮುಗಿದ ಎರಡನೆಯ ವರ್ಷ. ಕೂಡ್ಲಿಗಿಯ ಕೊಟ್ಟೂರು ರಸ್ತೆಯಲ್ಲಿ ನನ್ನ ಆಟೊ ಎಲೆಕ್ಟ್ರಿಕಲ್ ಅಂಗಡಿ ಇತ್ತು. ಲಾರಿ, ಟ್ರ್ಯಾಕ್ಟರ್, ಪಿಕಪ್‌ಗಳ ವೈರಿಂಗ್ ಮತ್ತು ಡೈನಮೊ ಕೆಲಸ. ಆಗಲೇ ಮೂವತ್ತೊಂದು ವರ್ಷವಾಗಿತ್ತು. ಬಂದ ಪ್ರತಿ ವಾಹನಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡುತ್ತಿದ್ದೆ: ದೂರು ಏನು, ಮೀಟರ್ ಎಷ್ಟು ತೋರಿಸಿತು, ಏನು ಮಾಡಿದೆ. ಇಲ್ಲಿನ ಅಂಕಿಗಳು ಆ ಪುಟದವು. ಮಾತುಗಳು ನೆನಪಿನವು.

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಬಿಳಿ ಬಣ್ಣದ ಹಳೆಯ ಪಿಕಪ್ ಬಂದು ನಿಂತಿತು. ಹದಿನಾರು ವರ್ಷದ ಗಾಡಿ. ಓಡಿಸುತ್ತಿದ್ದವನು ಪಾಲಯ್ಯ, ಕಾನಹೊಸಹಳ್ಳಿ ಕಡೆಯವನು. ಪಕ್ಕದ ಸೀಟಿನಿಂದ ಇಳಿದವರು ಅವನ ಅಕ್ಕ ಹನುಮಕ್ಕ. ವಯಸ್ಸು ಐವತ್ತರ ಆಚೆ. ಕುರಿ ಸಾಕುವ ಮನೆ. ಗಾಡಿ ಹನುಮಕ್ಕನ ಗಂಡ ಬೊಮ್ಮಪ್ಪನದು. ಕುರಿಗಳನ್ನು ಸಂತೆಗೆ ಒಯ್ಯಲು ಕೊಂಡಿದ್ದು, ಕೊನೆಯವರೆಗೂ ಅವರೇ ಓಡಿಸಿದ್ದರು. ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಪಾಲಯ್ಯ ಹೇಳಿದ ದೂರು ಇಷ್ಟು: ಎರಡೂ ಹೆಡ್‌ಲೈಟ್ ಮಂಕು. ಎಡಗಡೆಯ ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಹೆಡ್‌ಲೈಟೂ ಮಿಣುಕುತ್ತದೆ. ಡಿಮ್‌ನಲ್ಲಿದ್ದರೂ ಮೀಟರ್ ಬೋರ್ಡಿನಲ್ಲಿ ಹೈ ಬೀಮಿನ ನೀಲಿ ದೀಪ ಸಣ್ಣಗೆ ಹೊಳೆಯುತ್ತದೆ. ಮೂರು ಕಡೆ ತೋರಿಸಿದ್ದರು. ಒಬ್ಬರು ಬಲ್ಬ್ ಬದಲಿಸಿದ್ದರು, ಒಬ್ಬರು ರಿಲೇ, ಒಬ್ಬರು ಸ್ಟೀರಿಂಗ್ ಕೆಳಗಿನ ಸ್ವಿಚ್. ವಾಹನ ರಸ್ತೆಗೆ ಯೋಗ್ಯವೆಂದು ಪ್ರತಿ ವರ್ಷ ಪಡೆಯಬೇಕಾದ ಎಫ್.ಸಿ. ತಪಾಸಣೆಯಲ್ಲಿ ಲೈಟಿನ ಕಾರಣಕ್ಕೇ ಗಾಡಿ ಒಮ್ಮೆ ವಾಪಸಾಗಿತ್ತು. ಶುಕ್ರವಾರ ಮತ್ತೆ ತಪಾಸಣೆ.

"ಈ ಸಲಾನೂ ಪಾಸ್ ಆಗ್ಲಿಲ್ಲಂದ್ರ ಗುಜರಿಗೆ ಹಾಕಾದ ನೋಡ್ರಿ" ಎಂದ ಪಾಲಯ್ಯ.

ಹನುಮಕ್ಕ ಅವನ ಕಡೆ ತಿರುಗಲಿಲ್ಲ. ನನಗೆ ಹೇಳಿದರು: "ಗುಜರಿಗೆ ಹಾಕಾಕ ನನಗ ಮನಸಿಲ್ರಿ ಮಿಸ್ತ್ರಿ. ಅವನ ಮಾತು ಬಿಡ್ರಿ, ನನ್ನ ಮಾತು ಕೇಳ್ರಿ."

ಮೊದಲು ಕ್ಯಾಬಿನ್ನಿಗೆ ಹೋಗಿ ಸ್ವಿಚ್ ನೋಡಿದೆ. ಕನ್ನಡಿಯ ಕಡ್ಡಿಗೆ ಎಲೆ-ಅಡಿಕೆ ಇಡುವ ಕೆಂಪು ಬಟ್ಟೆಯ ಸಂಚಿಯೊಂದು ನೇತಾಡುತ್ತಿತ್ತು. ತಲೆಗೆ ತಾಗಿದ್ದಕ್ಕೆ ಸರಿಸಲು ಕೈ ಹಾಕಿದೆ. "ಅದನ್ನ ಮುಟ್ಟಬ್ಯಾಡ್ರಿ. ಅವ್ರದು" ಎಂದರು ಹನುಮಕ್ಕ, ಬಾಗಿಲ ಬಳಿಯಿಂದ. ಗಂಡ ಹೋದ ಮೇಲೆ ಅದನ್ನು ಯಾರೂ ಬಿಚ್ಚಿಲ್ಲ ಎಂದು ಪಾಲಯ್ಯ ನಂತರ ಹೇಳಿದ.

ಇಲ್ಲಿ ಸ್ವಲ್ಪ ವಿವರಿಸಬೇಕು. ಬ್ಯಾಟರಿಯ ಪ್ಲಸ್‌ನಿಂದ ಹೊರಟ ಕರೆಂಟ್ ವೈರಿನಲ್ಲಿ ಹೋಗಿ ಬಲ್ಬ್ ಉರಿಸುತ್ತದೆ. ಅಲ್ಲಿಂದ ಅದು ವಾಪಸು ಮೈನಸ್‌ಗೆ ಬರಲೇಬೇಕು. ಬರುವುದು ವಾಹನದ ಕಬ್ಬಿಣದ ಮೈಯ ಮೂಲಕ. ಬಲ್ಬಿನ ಎರಡನೆಯ ವೈರನ್ನು ಮೈಗೆ ಬಿಗಿಯುವ ಬೋಲ್ಟಿಗೆ ಅರ್ತ್ ಎನ್ನುತ್ತೇವೆ. ಹಿಂದಿನ ಮೂವರು ಮಿಸ್ತ್ರಿಗಳೂ ಕರೆಂಟ್ ಹೋಗುವ ದಾರಿಯನ್ನು ನೋಡಿದ್ದರು. ಬರುವ ದಾರಿಯನ್ನು ನೋಡಿರಲಿಲ್ಲ.

ಲೈಟ್ ಹಾಕಿಸಿ ಅಳೆದೆ. ಬಲ್ಬಿನ ಪ್ಲಸ್‌ನಲ್ಲಿ 12.1 ವೋಲ್ಟ್, ಸರಿಯಾಗಿಯೇ ಇತ್ತು. ನಂತರ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಬಲ್ಬಿನ ಅರ್ತ್ ವೈರಿಗೆ ಹಿಡಿದೆ. ಅರ್ತ್ ಚೆನ್ನಾಗಿದ್ದರೆ ಇಲ್ಲಿ ಸೊನ್ನೆಯ ಹತ್ತಿರ ಇರಬೇಕು, ಹೆಚ್ಚೆಂದರೆ 0.2. ತೋರಿಸಿದ್ದು 4.6. ಅಂದರೆ ಬಲ್ಬಿಗೆ ಸಿಗುತ್ತಿದ್ದುದು ಏಳೂವರೆ ವೋಲ್ಟ್ ಮಾತ್ರ. ಸರಿಯಾದ ದಾರಿ ಸಿಗದ ಕರೆಂಟ್ ಇಂಡಿಕೇಟರ್ ಮತ್ತು ಹೈ ಬೀಮಿನ ತಂತಿಯಲ್ಲಿ ನುಗ್ಗಿ ವಾಪಸಾಗಲು ನೋಡುತ್ತಿತ್ತು. ಮಿಣುಕು, ನೀಲಿ ದೀಪ ಎರಡಕ್ಕೂ ಇದೇ ಕಾರಣ.

ಈ ಗಾಡಿಯಲ್ಲಿ ಎರಡೂ ಹೆಡ್‌ಲೈಟಿಗೆ ಒಂದೇ ಅರ್ತ್ ಬೋಲ್ಟ್. ಎಡ ಹೆಡ್‌ಲೈಟಿನ ಹಿಂದೆ, ಬಾನೆಟ್ಟಿನ ಸಂದಿಗೆ ಸರಿಯಾಗಿ ಕೆಳಗೆ. ಟಾರ್ಚ್ ಹಿಡಿದು ನೋಡಿದೆ. ಹಸಿರು ಕಿಲುಬು ಮುದ್ದೆಗಟ್ಟಿತ್ತು. ಮೇಲಿನ ಸಂದಿಯಿಂದ ಬೋಲ್ಟಿನವರೆಗೆ ಕೆಂಪಗೆ ಒಣಗಿದ ಗೆರೆಗಳು. ಬೆರಳಿಂದ ಉಜ್ಜಿದರೆ ಕುಂಕುಮ.

ಅಮಾವಾಸ್ಯೆಗೆ ವಾಹನ ಪೂಜೆ ಎಲ್ಲರ ಮನೆಯಲ್ಲೂ ಉಂಟು. ಹೆಚ್ಚಿನವರು ಕಾಯಿಯನ್ನು ಚಕ್ರದ ಮುಂದೆ ಒಡೆಯುತ್ತಾರೆ, ನೀರು ನೆಲಕ್ಕೆ ಹೋಗುತ್ತದೆ. ಇವರ ಮನೆಯ ಪದ್ಧತಿ ಬೇರೆ ಎಂದು ಕೇಳಿ ತಿಳಿದೆ. ಕಾಯಿ ಒಡೆದು, ಅದರ ನೀರನ್ನು ಒಂದು ಹನಿಯೂ ನೆಲಕ್ಕೆ ಬಿಡದೆ, ಕುಂಕುಮ ಹಚ್ಚಿದ ಬಾನೆಟ್ ಮತ್ತು ಎರಡು ಲೈಟಿನ ಮೇಲೆ ಹನುಮಕ್ಕ ಸುರಿಯುತ್ತಿದ್ದರು. ಗಂಡ ಹೋದ ಮೇಲೆ ಕಾಯಿ ಒಡೆಯುವುದು ಪಾಲಯ್ಯ. ಸುರಿಯುವುದು ಈಗಲೂ ಹನುಮಕ್ಕ. ಕಾಯಿ ನೀರಿನಲ್ಲಿ ಉಪ್ಪಿನ ಅಂಶವಿದೆ, ಸಕ್ಕರೆಯಿದೆ. ತಾಮ್ರಕ್ಕೂ ಕಬ್ಬಿಣಕ್ಕೂ ಅದು ಆಗುವುದಿಲ್ಲ.

ಕಾರಣ ಸಿಕ್ಕಿತು. ಆದರೆ ಲೆಕ್ಕ ಕೂಡಲಿಲ್ಲ. ಹದಿನಾರು ವರ್ಷ ಹೀಗೆ ಸುರಿದಿದ್ದರೆ ಬೋಲ್ಟ್ ಎಂದೋ ಕರಗಿ ಹೋಗಬೇಕಿತ್ತು. ಕಿಲುಬು ಕೆರೆದರೆ ಕೆಳಗೆ ಕಬ್ಬಿಣ ಗಟ್ಟಿಯಾಗಿತ್ತು, ಅದರ ಮೇಲೆ ಉಪ್ಪುಕಾಗದ ಉಜ್ಜಿದ ಸಣ್ಣ ಗೀರುಗಳು. ಬೋಲ್ಟಿನ ಆರೂ ಮೂಲೆಗಳು ಸ್ಪ್ಯಾನರ್ ಬಿದ್ದೂ ಬಿದ್ದೂ ದುಂಡಗಾಗಿದ್ದವು. ಯಾರೋ ಇದನ್ನು ನೂರಾರು ಸಲ ಬಿಚ್ಚಿದ್ದರು. ಮೂವರು ಮಿಸ್ತ್ರಿಗಳಲ್ಲಿ ಯಾರೂ ಅಲ್ಲಿ ಕೈ ಹಾಕಿಲ್ಲ, ತಾನು ಪಕ್ಕದಲ್ಲೇ ಇದ್ದೆ ಎಂದ ಪಾಲಯ್ಯ.

ಪೂಜೆ ಆದ ಮೇಲೆ ಬೊಮ್ಮಪ್ಪ ಗಾಡಿಗೆ ಏನಾದರೂ ಮಾಡುತ್ತಿದ್ದರೇ ಎಂದು ಹನುಮಕ್ಕನನ್ನು ಕೇಳಿದೆ.

"ಏನ್ ಮಾಡ್ತಿದ್ರಿ ಅವ್ರು" ಎಂದರು. "ಅಮಾಸಿ ಮಾರ್ನೇ ದಿನ ಬಾನೆಟ್ ಎತ್ತಿ, ಸಂಚಿ ಹಿಡ್ಕಂಡು ಮುಂದ ಕುಂದ್ರತಿದ್ರು. ಎಲಿ ಹಾಕ್ಕಂತೀನಿ ಅನ್ನೋರು. ಒಂದು ಎಲಿಗೆ ಅರ್ಧ ತಾಸು ಬೇಕೇನು ಅಂತ ಬೈತಿದ್ದೆ."

"ಡಾಕ್ಟ್ರು ಎಲಿ ಬಿಡಿಸಿ ಐದು ವರ್ಷ ಆಗಿತ್ತಲ್ಲಕ್ಕ" ಎಂದು ಪಾಲಯ್ಯ ನಕ್ಕ. "ಮಾಮ ಕದ್ದು ಹಾಕ್ಕಂತಾನ ಅಂತ ನಾವು ಅನ್ಕಂಡಿದ್ವಿ."

ಹನುಮಕ್ಕ ಒಂದು ನಿಮಿಷ ಬೋಲ್ಟನ್ನೇ ನೋಡುತ್ತಿದ್ದರು. ಆಮೇಲೆ ಕ್ಯಾಬಿನ್ ಹತ್ತಿ, ಸಂಚಿ ಬಿಡಿಸಿಕೊಂಡು ಬಂದು ಬೆಂಚಿನ ಮೇಲೆ ಕುಳಿತು ಗಂಟು ಬಿಚ್ಚಿದರು. ಎಲೆ ಇರಲಿಲ್ಲ, ಅಡಿಕೆ ಇರಲಿಲ್ಲ. ಒಂದು ಅರೆಯಲ್ಲಿ ನಾಲ್ಕಾಗಿ ಮಡಿಸಿದ ಉಪ್ಪುಕಾಗದ. ಇನ್ನೊಂದರಲ್ಲಿ ಹತ್ತನೇ ನಂಬರಿನ ಸ್ಪ್ಯಾನರ್. ಸುಣ್ಣದ ಡಬ್ಬಿಯಲ್ಲಿ ಸುಣ್ಣದ ಬದಲು ಗ್ರೀಸ್, ಅದರ ಮೇಲೆ ಬೆರಳ ಗುರುತು.

"ಕಾಯಿ ನೀರಿಂದ ಆಗೈತೇನು ಇದು?"

"ಹೌದ್ರಿ ಯಕ್ಕಾ."

"ಒಂದಿನಾನೂ ಹೇಳ್ಲಿಲ್ಲ ನೋಡ್ರಿ" ಎಂದರು. "ಹೇಳಿದ್ರ ನಾ ಬಿಡ್ತಿದ್ದೆ." ಮತ್ತೆ ತಾವೇ, "ಇಲ್ಲ, ಬಿಡ್ತಿದ್ದಿಲ್ಲ" ಎಂದರು.

ಅವರು ಡಬ್ಬಿಯ ಮುಚ್ಚಳ ಹಾಕಿದರು. ಬೆರಳ ಗುರುತಿನ ಮೇಲೆ ಕೈಯಿಡಲಿಲ್ಲ.

ಬೋಲ್ಟ್ ಬಿಚ್ಚಿ, ಉಜ್ಜಿ, ವೈರಿನ ತುದಿಗೆ ಲಗ್ ಎನ್ನುವ ಹೊಸ ತಾಮ್ರದ ಬಳೆ ಹಾಕಿ ಬಿಗಿದೆ. ಮೀಟರ್ 0.1 ತೋರಿಸಿತು. ಹಗಲಿನಲ್ಲಿ ಬೆಳಕು ನೋಡಲು ನನ್ನ ಶೆಡ್ಡಿನ ಹಿಂದಿನ ಗೋಡೆಗೆ ಸುಣ್ಣ ಬಳಿಸಿ, ಬಾಗಿಲಿಗೆ ಗೋಣಿ ಇಳಿಬಿಟ್ಟಿದ್ದೆ. ಗಾಡಿಯನ್ನು ಒಳಗೆ ತಂದು ಲೈಟ್ ಹಾಕಿದಾಗ ಗೋಡೆಯ ಮೇಲೆ ಎರಡು ಬಿಳಿ ವೃತ್ತಗಳು ಸಮನಾಗಿ ಬಿದ್ದವು. ಇಂಡಿಕೇಟರ್ ಹಾಕಿದೆವು, ಅವು ಅಲುಗಲಿಲ್ಲ.

"ಲೇ ಪಾಲಯ್ಯ, ಎರಡು ಸಲ ಡಿಪ್ಪರ್ ಹೊಡಿ" ಎಂದರು ಹನುಮಕ್ಕ.

ಬೆಳಕು ಎರಡು ಸಲ ಏರಿ ಇಳಿಯಿತು. ಸಂತೆಯಿಂದ ಬರುವಾಗ ಬೊಮ್ಮಪ್ಪ ಕೆರೆ ಏರಿಯ ತಿರುವಿನಲ್ಲಿ ಹಾಗೆ ಎರಡು ಸಲ ಹೊಡೆಯುತ್ತಿದ್ದರಂತೆ. ಅದು ಕಂಡ ಮೇಲೆ ಇವರು ಒಲೆಯ ಮೇಲೆ ಹಂಚು ಇಡುತ್ತಿದ್ದರು. ಗಾಡಿ ಅಂಗಳಕ್ಕೆ ಬರುವಷ್ಟರಲ್ಲಿ ಮೊದಲ ರೊಟ್ಟಿ ಬೆಂದಿರುತ್ತಿತ್ತು. ಇದನ್ನು ಅವರು ಗೋಡೆ ನೋಡುತ್ತಲೇ ಹೇಳಿದರು. ಆಮೇಲೆ "ಆತು, ಆರ್ಸು" ಎಂದರು.

ಅರ್ತ್ ಬೋಲ್ಟಿನ ಜಾಗ ಬದಲಿಸಬೇಕು ಎಂದು ನಾನು ಹೇಳಿದೆ. ನೀರು ತಾಗದ ಕಡೆ, ಬ್ಯಾಟರಿಯ ಹತ್ತಿರ. ವೃತ್ತಿಯ ದೃಷ್ಟಿಯಿಂದ ಅದೇ ಸರಿ. ಹನುಮಕ್ಕ ಒಪ್ಪಲಿಲ್ಲ.

"ಅಲ್ಲೇ ಇರ್ಲಿ ಮಿಸ್ತ್ರಿ. ಹೆಂಗ ಬಿಚ್ಚಬೇಕು, ಹೆಂಗ ಉಜ್ಜಬೇಕು ತೋರಸ್ರಿ. ಇನ್ನ ನಾ ಮಾಡ್ತೀನಿ."

ಒಂದು ತಿಂಗಳು ತಪ್ಪಿದರೂ ಕಿಲುಬು ಶುರುವಾಗುತ್ತದೆ ಎಂದೆ. "ತಪ್ಪಂಗಿಲ್ಲ" ಎಂದರು. ತೋರಿಸಿದೆ. ಮೊದಲ ಸಲ ಸ್ಪ್ಯಾನರ್ ಉಲ್ಟಾ ತಿರುಗಿಸಿದರು, ಎರಡನೆಯ ಸಲ ಸರಿಯಾಯಿತು.

ಹನುಮಕ್ಕ ಹೊರಗೆ ನೀರು ಕುಡಿಯಲು ಹೋದಾಗ ಲೈಟಿನ ಅರ್ತ್ ವೈರಿನಿಂದ ಇನ್ನೊಂದು ಕಪ್ಪು ವೈರ್ ತೆಗೆದು, ಹಳೆಯ ವೈರಿಂಗ್ ಕಟ್ಟಿನ ಒಳಗೇ ಸೇರಿಸಿ, ನೇರ ಬ್ಯಾಟರಿಯ ಮೈನಸ್‌ಗೆ ಕೊಟ್ಟೆ. ಬೋಲ್ಟ್ ಕಿಲುಬು ಹಿಡಿದರೂ ಇನ್ನು ಲೈಟ್ ಮಂಕಾಗುವುದಿಲ್ಲ. ಪಾಲಯ್ಯ ನೋಡುತ್ತ ನಿಂತಿದ್ದ. ಅವನೂ ಬಾಯಿ ಬಿಡಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: "ಎರಡನೇ ಅರ್ತ್ ಹಾಕಿದೆ. ಯಜಮಾನಿಗೆ ತಿಳಿಸಿಲ್ಲ." ಮೂವತ್ತೊಂದು ವರ್ಷದಲ್ಲಿ ಆ ಪುಸ್ತಕದಲ್ಲಿ ಅಂಥ ಸಾಲು ಅದೊಂದೇ.

ಶುಕ್ರವಾರ ಗಾಡಿ ಪಾಸಾಯಿತು.

ಹಳೆಯ ವಾಹನ ಬಂದಾಗ ಮೀಟರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಬೇಕೆಂದು ಅಲ್ಲಿಂದ ಕಲಿತೆ. ಇದನ್ನು ಮೊದಲು ಓಡಿಸುತ್ತಿದ್ದವರು ಯಾರು, ಯಾರಿಗೂ ಹೇಳದೆ ಇದಕ್ಕೆ ಏನು ಮಾಡುತ್ತಿದ್ದರು? ಅನೇಕ ಗಾಡಿಗಳಲ್ಲಿ ಕೆಟ್ಟಿರುವುದು ಯಾವ ಭಾಗವೂ ಅಲ್ಲ. ಒಂದು ಕೈ ನಿಂತುಹೋಗಿರುತ್ತದೆ, ಅಷ್ಟೆ.

ಕಣ್ಣು ಮೊದಲಿನಂತಿಲ್ಲವೆಂದು ಹೋದ ವರ್ಷ ಅಂಗಡಿ ಮುಚ್ಚಿದೆ. ಸೋಲ್ಡರಿಂಗ್ ವಾಸನೆ ಇಲ್ಲದ ಬೆಳಗುಗಳಿಗೆ ಇನ್ನೂ ಒಗ್ಗಿಲ್ಲ. ಅಮಾವಾಸ್ಯೆಯ ಮರುದಿನ ಮಾತ್ರ ಹತ್ತು ಗಂಟೆಯಿಂದಲೇ ಫೋನ್ ಪಕ್ಕದಲ್ಲಿ ಇಟ್ಟುಕೊಂಡು ಕೂರುತ್ತೇನೆ. ಹನುಮಕ್ಕ ತಪ್ಪದೆ ಫೋನ್ ಮಾಡುತ್ತಾರೆ.

"ಉಜ್ಜಿದ್ನಿರಿ ಮಿಸ್ತ್ರಿ. ಲೈಟ್ ಹಾಲಿನಂಗ ಅದಾವ."

"ಚಲೋ ಆತ್ರಿ ಯಕ್ಕಾ" ಎನ್ನುತ್ತೇನೆ. ಎರಡನೆಯ ವೈರಿನ ಮಾತು ಎತ್ತುವುದಿಲ್ಲ.