ದೊಡ್ಡ ಕೊಳಲಿಗೆ ಪಾಸು

ಸಂಜೆ ಗೋವಾದಲ್ಲಿ ನನ್ನ ಕೊಳಲು ಕಚೇರಿಯಿತ್ತು. ಗಡಿಯಲ್ಲಿ, ಅನಮೋಡದ ತಪಾಸಣೆ ನಾಕಾದಲ್ಲಿ ಬಸ್ಸು ನಿಂತಾಗ ಅರಣ್ಯ ಇಲಾಖೆಯ ಗಾರ್ಡ್ ನನ್ನನ್ನು ಕೆಳಗಿಳಿಸಿ ಚೀಲ ಬಿಚ್ಚಿಸಿದ. ಗೇಣುದ್ದದ ಕೊಳಲು ನೋಡಿ ತಲೆಯಾಡಿಸಿದ. ಪಕ್ಕದಲ್ಲಿದ್ದ, ಎರಡು ಮೊಳ ಮೀರಿದ ಕೊಳಲನ್ನು ಹೊರಗೆಳೆದ.

"ಇದು ಬಿದಿರು. ಸಾಗಿಸಾಕ ಪಾಸ್ ಬೇಕು. ಎಲ್ಲೈತ್ರಿ?"

"ಇದೂ ಕೊಳಲ ಐತ್ರಿ. ಸಣ್ಣದರ ದನಿ ಮ್ಯಾಲಿಂದು, ಇದರದು ಕೆಳಗಿಂದು."

"ನುಡಿಸಿ ತೋರಸ್ರಿ."

ಸಣ್ಣದನ್ನು ಊದಿದೆ. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ದೊಡ್ಡದಕ್ಕೆ ಬೆರಳುಗಳನ್ನು ನೋವಾಗುವಷ್ಟು ಅಗಲಿಸಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸುರಿದೆ. ಡ್ರೈವರ್ ಎಂಜಿನ್ ಬಂದ್ ಮಾಡಿರಲಿಲ್ಲ. ಅದರದೂ ದೊಡ್ಡ ಕೊಳಲಿನದೂ ಒಂದೇ ಶ್ರುತಿ. ಎಂಜಿನ್ನಿನ ಸದ್ದು ಬಿಟ್ಟು ಯಾರಿಗೂ ಏನೂ ಕೇಳಿಸಲಿಲ್ಲ.

"ಸಣ್ಣದು ಕೊಳಲು, ಖರೆ. ಇದು ಮಾತಾಡವಲ್ದು," ಅಂದ ಗಾರ್ಡ್.

"ಕೈ ಹಚ್ಚಿ ನೋಡ್ರಿ," ಅಂದೆ.

ಅವನು ಬಿದಿರಿನ ಮೇಲೆ ಅಂಗೈ ಇಟ್ಟ. ನಾನು ಮತ್ತೆ ಊದಿದೆ. ಕಂಡಕ್ಟರ್ ಸೀಟಿ ಹೊಡೆಯುವವರೆಗೂ ಅವನು ಕೈ ತೆಗೆಯಲಿಲ್ಲ.

"ನಡಗಾಕತ್ತೈತಿ," ಅಂದ. ಆಮೇಲೆ ತೂತುಗಳನ್ನು ಒಂದೊಂದಾಗಿ ಸವರಿ ತೀರ್ಪು ಕೊಟ್ಟ: "ಇಷ್ಟು ತೂತು ಬಿದ್ದ ಬಿದಿರು ಏಣಿಗೂ ಬರಂಗಿಲ್ಲ, ಬೇಲಿಗೂ ಬರಂಗಿಲ್ಲ. ಕೆಟ್ಟ ಮಾಲಿಗೆ ಪಾಸ್ ಬ್ಯಾಡ. ಹೋಗ್ರಿ."

ಈಗ ಆ ನಾಕಾದಲ್ಲಿ ಯಾರಾದರೂ ಕೇಳಿದರೆ ಕೊಳಲು ಅನ್ನುವುದಿಲ್ಲ. ಕೆಟ್ಟ ಬಿದಿರು ಅನ್ನುತ್ತೇನೆ. ಬೇಗ ಬಿಡುತ್ತಾರೆ.