ನಾನು ಓದದೆ ಬಿಟ್ಟ ಸಾಲು

ಲಿಂಗಸುಗೂರಿನ ಹಳೆ ಬಜಾರಿನ ತುದಿಗೆ, ಮುದಗಲ್ ಬಸ್ಸು ನಿಲ್ಲುವ ಜಾಗದ ಎದುರಿಗೆ ನಮ್ಮಕ್ಕನ ಭಟ್ಟಿ ಇತ್ತು. ಅಲ್ಲಿ ಆಕೆ ಮಂಡಾಳು, ಅಂದರೆ ಮಂಡಕ್ಕಿ, ಹುರಿಯುತ್ತಿದ್ದಳು. ಬಸ್ಸಿನಿಂದ ಇಳಿದವರು ಬಿಸಿ ಮಂಡಾಳನ್ನು ಟವೆಲ್ಲಿನ ಸೆರಗಿಗೆ ಕಟ್ಟಿಸಿಕೊಂಡೇ ಊರೊಳಗೆ ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅಕ್ಕ, ಯಾರ ಹಂಗೂ ಬೇಡವೆಂದು ತಾನೇ ಮಣ್ಣು ಕಲಸಿ ಕಟ್ಟಿಕೊಂಡ ಭಟ್ಟಿ ಅದು. ಅವ್ವ ಅಪ್ಪ ಇಲ್ಲದ ನನ್ನನ್ನು ಸಾಕಿದ್ದು, ಉರ್ದು ಶಾಲೆಗೆ ಕಳಿಸಿ ಮಾಸ್ತರನಾಗುವವರೆಗೆ ಓದಿಸಿದ್ದು ಅದೇ ಭಟ್ಟಿಯ ದುಡಿಮೆ. ಆಕೆಗೆ ಮಾತ್ರ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ.

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷ ಆಗಿತ್ತು. ಕಚೇರಿಯ ಕಾಗದಗಳು ಇನ್ನೂ ಉರ್ದುವಿನಲ್ಲೇ ನಡೆಯುತ್ತಿದ್ದವು. ಒಂದು ದಿನ ಡಂಗುರ ಸಾರಿದರು. ಹಳೆ ಬಜಾರು ಇಕ್ಕಟ್ಟಾಗಿದೆ, ಬಸ್ಸು ಬಂಡಿಗಳಿಗೆ ದಾರಿಯಿಲ್ಲ, ಹೊಗೆ ಬೇರೆ. ಆದ್ದರಿಂದ ಬಜಾರನ್ನು ಊರ ಹೊರಗಿನ ಬಯಲಿಗೆ ಸಾಗಿಸಿ, ಈ ಓಣಿಯನ್ನು ಬರೀ ಮನೆಗಳಿಗೆ ಬಿಡಲಾಗುವುದು. ತಕರಾರಿದ್ದವರು ದರಖಾಸ್ತು ಕೊಡಬೇಕು, ತಹಸೀಲ್ದಾರ ಸಾಹೇಬರು ಖುದ್ದು ಬಂದು ಜನರ ಮಾತು ಕೇಳುತ್ತಾರೆ.

ಜನರ ಮಾತು ಕೇಳಲು ಸರ್ಕಾರ ಬರುವುದೆಂದರೆ ನಮಗೆ ಹೊಸ ಸಂಗತಿ. ಮರುದಿನ ಸಂಜೆ ಬಜಾರಿನವರೆಲ್ಲ ಮಠದ ಅಂಗಳದಲ್ಲಿ ಸೇರಿದರು. ಜವಳಿ ಅಂಗಡಿಯ ಸಾಹುಕಾರರು, ಕಿರಾಣಿಯವರು, ದರ್ಜಿ, ನೆಲದ ಮೇಲೆ ಕಾಯಿಪಲ್ಲೆ ಹರವಿಕೊಂಡು ಕೂಡುವ ಹೆಂಗಸರು, ಬಳೆಗಾರ, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕೂತದ್ದನ್ನು ನಾನು ಮೊದಲ ಸಲ ಕಂಡೆ. ಅಕ್ಕ ಎದ್ದು ನಿಂತು ಹೇಳಿದಳು:

“ಬಯಲಾಗ ನೀರಿಲ್ಲ, ನೆಳ್ಳಿಲ್ಲ, ಬಸ್ಸಿಲ್ಲ. ಅಲ್ಲಿ ನಮ್ಮ ಮಾಲು ಕೊಳ್ಳಾಕ ನರಿಗೋಳು ಬರ್ತಾವೇನ್ರಿ? ಹೋಗೂದಾದ್ರ ಎಲ್ಲಾರೂ ಹೋಗೂಣು, ಉಳಿಯೂದಾದ್ರ ಎಲ್ಲಾರೂ ಉಳಿಯೂಣು.”

ಜನ ನಕ್ಕರು, ಹೌದೌದು ಎಂದರು. ದರಖಾಸ್ತು ಬರೆಯುವ ಕೆಲಸ ನನಗೆ ಬಿತ್ತು. ಅಕ್ಕ ನನ್ನತ್ತ ನೋಡಿದ ರೀತಿ ಈಗಲೂ ಕಣ್ಣ ಮುಂದಿದೆ. ತಾನು ಸುರಿಸಿದ ಬೆವರು ಊರಿಗೇ ಉಪಯೋಗಕ್ಕೆ ಬಂತು ಎನ್ನುವ ಹೆಮ್ಮೆ ಅದು.

ಎರಡು ದಿನ ಬಿಟ್ಟು ಜವಳಿ ಸಾಹುಕಾರರು ನನ್ನನ್ನು ಅಂಗಡಿಗೆ ಕರೆಸಿದರು. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಚಹಾ ತರಿಸಿ ಮೆಲ್ಲಗೆ ಹೇಳಿದರು:

“ಮಾಸ್ತರ, ನಾವು ಕಚೇರಿಗೆ ಹೋಗಿ ಸಾಹೇಬರ ಮನಸು ತಿಳ್ಕೊಂಡು ಬಂದೀವಿ. ಭಟ್ಟಿಗೋಳು, ನೆಲದ ಮ್ಯಾಲ ಕುಂತು ಮಾರೋರು, ಇವರಷ್ಟೇ ಹೊರಗ ಹೋದ್ರ ಬಜಾರು ಇಲ್ಲೇ ಉಳಿತೈತಂತ. ಅದೊಂದು ಸಾಲು ಕೂಡ್ಸಿ ಬರೀರಿ.”

“ಅಕ್ಕನ ಭಟ್ಟಿನೂ ಹೋಗ್ತೈತಲ್ರಿ?”

“ಈಗ ಹೋಗ್ಲಿ. ಹುಕುಂ ಕೈಗೆ ಬಂದ ಮ್ಯಾಲ ಒಬ್ಬೊಬ್ಬರನ್ನ ಒಳಗ ತಗೊಳ್ಳೂಣು. ನಾವೇನು ಬ್ಯಾರೆಯೋರಾ?” ಆಮೇಲೆ ಕಪ್ಪು ಕೆಳಗಿಟ್ಟು, ಬೇರೆ ವಿಷಯ ಎನ್ನುವಂತೆ ಕೇಳಿದರು, “ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲ ಹೌದಲ್ರಿ?”

ಅವರು ಶಾಲೆಯ ಕಮಿಟಿಯಲ್ಲಿದ್ದರು. ನಾನು ಚಹಾ ಕುಡಿದು ಎದ್ದೆ. ಮನೆಗೆ ಬಂದು ಆ ಸಾಲು ಬರೆದೆ. ಬರೆಯುವಾಗ ನನ್ನ ಅಕ್ಷರ ಎಂದಿನಂತೆ ದುಂಡಗೆ, ಅಚ್ಚುಕಟ್ಟಾಗಿಯೇ ಬಿತ್ತು.

ಮತ್ತೆ ಮಠದಲ್ಲಿ ಜನ ಸೇರಿದರು. ನಾನು ದರಖಾಸ್ತನ್ನು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಹೋದೆ. ಆ ಸಾಲು ಬಂದಾಗ ಅದನ್ನು ದಾಟಿ ಮುಂದಿನದನ್ನು ಓದಿದೆ. ಉರ್ದು ಬಲ್ಲ ನಾಲ್ಕೈದು ಜನ ಅಲ್ಲಿದ್ದರು, ಎಲ್ಲರೂ ಅಂಗಡಿಯವರೇ. ಯಾರೂ ತಲೆ ಎತ್ತಲಿಲ್ಲ. ಅಂಗಡಿಯವರು ಸಹಿ ಮಾಡಿದರು, ಉಳಿದವರು ಹೆಬ್ಬೆಟ್ಟು ಒತ್ತಿದರು. ಅಕ್ಕ ಸೆರಗಿನಿಂದ ಬೆರಳಿನ ಮಸಿ ಒರೆಸಿ ಒರೆಸಿ ಶುದ್ಧ ಮಾಡಿಕೊಂಡು, “ಚಂದಂಗೆ ಮೂಡೇತಿ ನೋಡೋ ತಮ್ಮಾ” ಎಂದು ಹೆಬ್ಬೆಟ್ಟಿನ ಗುರುತು ತೋರಿಸಿದಳು.

ತಹಸೀಲ್ದಾರರು ಬಂದ ದಿನ ಬಜಾರಿನ ನಡುವೆ ಮೇಜು ಕುರ್ಚಿ ಹಾಕಿದ್ದರು. ಅವರು ಹೊರನಾಡಿನವರು, ಕನ್ನಡ ಬರುತ್ತಿರಲಿಲ್ಲ. ಅವರ ಗುಮಾಸ್ತರಾದ ಪೇಶಕಾರರು ದರಖಾಸ್ತನ್ನು ಉರ್ದುವಿನಲ್ಲಿ ಗಡಗಡನೆ ಓದಿ ಮುಗಿಸಿದರು. ಅಕ್ಕ ಮುಂದೆ ಹೋಗಿ ಕೈಮುಗಿದು ಮಾತು ಶುರುಮಾಡಿದಳು. ನೀರಿನ ಮಾತು, ನೆರಳಿನ ಮಾತು, ಎಲ್ಲರೂ ಕೂಡಿ ಉಳಿಯುವ ಮಾತು. ತಹಸೀಲ್ದಾರರು ಪೇಶಕಾರರನ್ನು ಕೇಳಿದರು, “ಈಕೆಯ ಹೆಬ್ಬೆಟ್ಟು ಇದರಲ್ಲಿ ಇದೆಯೋ ಇಲ್ಲವೋ?” ಇದೆ ಎಂದರು. “ಮತ್ತೆ ತಕರಾರು ಏನು?” ಎಂದು ಅವರು ಕಾಗದ ಮಡಚಿದರು. ಆ ಎರಡು ಮಾತನ್ನು ಯಾರೂ ಅಕ್ಕನಿಗೆ ಕನ್ನಡದಲ್ಲಿ ಹೇಳಲಿಲ್ಲ. ನಾನು ಆಕೆಯಿಂದ ಮೂರು ಮಾರು ದೂರದಲ್ಲಿ ನಿಂತಿದ್ದೆ.

ತಿಂಗಳೊಳಗೆ ಹುಕುಂ ಬಂತು. ಕಚೇರಿಯ ಜವಾನ ಭಟ್ಟಿಯ ಮುಂದೆ ನಿಂತು, “ನೀವ ಒಪ್ಪಿ ಬರಕೊಟ್ಟೀರಿ, ಖಾಲಿ ಮಾಡ್ರಿ” ಎಂದಾಗ ಅಕ್ಕ ಜಗಳಕ್ಕೇ ನಿಂತಳು.

“ಬರದಾಂವ ನನ್ನ ತಮ್ಮ. ಅದರಾಗ ಹಂಗ ಇಲ್ಲವ ಇಲ್ಲ. ಬೇಕಾದ್ರ ಅವನ್ನ ಕೇಳು, ಇಲ್ಲೇ ನಿಂತಾನ.”

ಜವಾನ ನನ್ನ ಮುಖ ನೋಡಿದ. ಅಕ್ಕನೂ ನೋಡಿದಳು. ನಾನು ಜವಾನನ ಕೈಯ ಹುಕುಮಿನತ್ತ ಕಣ್ಣು ತಿರುಗಿಸಿದೆ. ಆಕೆ ಮತ್ತೇನೂ ಕೇಳದೆ ಒಳಗೆ ಹೋಗಿ, ಮಂಡಾಳು ಹುರಿಯುವ ಉಸುಕನ್ನು ಬಾಣಲೆಯಿಂದ ಕೆಳಗೆ ಸುರಿದಳು.

ಊರ ಹೊರಗೆ, ಹಳ್ಳದಾಚೆಯ ಆ ಬಯಲಿನಲ್ಲಿ ಆಕೆ ಮತ್ತೆ ಭಟ್ಟಿ ಹಾಕಿದಳು. ಕಾಯಿಪಲ್ಲೆಯ ಹೆಂಗಸರು ಒಂದು ಬೇಸಿಗೆ ಜೊತೆಗಿದ್ದು ಚದುರಿದರು. ಕೆಲವರು ದಢೇಸುಗೂರಿನ ಕಡೆ ಹೊಲದ ಕೂಲಿಗೆ ಹೋದರು. ಬಯಲಿಗೆ ಗಿರಾಕಿ ಬರಲೇ ಇಲ್ಲ. ಒಬ್ಬೊಬ್ಬರನ್ನು ಒಳಗೆ ತೆಗೆದುಕೊಳ್ಳುವ ಮಾತನ್ನು ಸಾಹುಕಾರರಿಗೆ ನೆನಪಿಸಿದೆ. “ನೋಡೂಣು ಮಾಸ್ತರ” ಎಂದರು. ಮತ್ತೊಮ್ಮೆ ಕೇಳಿದಾಗಲೂ ಅದೇ ಮಾತು. ಅಷ್ಟರಲ್ಲಿ ನನ್ನ ನೌಕರಿ ಕಾಯಂ ಆಗಿತ್ತು. ಆ ಕಾಗದವನ್ನು ಅಕ್ಕನಿಗೆ ತೋರಿಸುವ ಧೈರ್ಯ ನನಗೆ ಬರಲಿಲ್ಲ.

ಭಟ್ಟಿ ಮುಚ್ಚಿ ಅಕ್ಕ ಚಿನ್ನದ ಗಣಿಯ ಊರಾದ ಹಟ್ಟಿಗೆ ಹೋದಳು, ಗಣಿಯವರ ಮನೆಗಳಲ್ಲಿ ಮುಸುರೆ ತಿಕ್ಕಲು. ಒಂದು ರಜೆಯಲ್ಲಿ ನೋಡಲು ಹೋದೆ. ಯಾರದೋ ಮನೆಯ ಹಿತ್ತಲಲ್ಲಿ ತಗಡಿನ ಕೆಳಗೆ ಇದ್ದಳು. ಕೈಗಳು ಬಿರಿದಿದ್ದವು. ರೊಟ್ಟಿ ಬಡಿದು ಹಾಕಿದಳು. ಉಂಡ ಮೇಲೆ ನಾನು, “ಅಕ್ಕಾ, ಆ ದರಖಾಸ್ತು...” ಎಂದೆ.

“ಬ್ಯಾಡ, ಹೇಳಬ್ಯಾಡ” ಎಂದು ಆಕೆ ಕೈ ಅಡ್ಡ ಹಿಡಿದಳು. “ನೀ ಹೇಳಿದ್ರ ನಾ ಮಾಫ್ ಮಾಡಬೇಕಾಗ್ತೈತಿ. ಅದು ನನ್ನ ಕೈಲೆ ಆಗಂಗಿಲ್ಲ. ಹಿಂಗ ಇದ್ರ ನೀ ಬರ್ತಿ, ನಾ ರೊಟ್ಟಿ ಹಾಕ್ತೀನಿ. ಅಷ್ಟ ಸಾಕು.”

ನಾನು ಮತ್ತೆ ಹೋದದ್ದು ಕಡಿಮೆ. ಹೋದಾಗಲೆಲ್ಲ ರೊಟ್ಟಿ ಹಾಕಿದಳು, ಶಾಲೆಯ ಸುದ್ದಿ ಕೇಳಿದಳು, ಊರಿಗೆ ಬಾ ಎಂದರೆ ಮಾತ್ರ ಕೇಳಿಸದವಳಂತೆ ಎದ್ದುಹೋದಳು. ನಮ್ಮ ನಾಡು ಮೈಸೂರಿಗೆ ಸೇರಿದ ವರ್ಷ ಬಸ್ಸು ನಿಲ್ಲುವ ಜಾಗವನ್ನು ದೊಡ್ಡ ರಸ್ತೆಗೆ ಒಯ್ದರು. ಸಾಹುಕಾರರು ಅಲ್ಲಿ ಹೊಸ ಅಂಗಡಿ ಹಾಕಿದರು. ಉಳಿದವರೂ ಒಬ್ಬರ ಹಿಂದೆ ಒಬ್ಬರು ಹೋದರು. ಯಾವ ಓಣಿಯಲ್ಲಿ ಬಜಾರು ಉಳಿಯಲೆಂದು ನಾನು ಆ ಸಾಲು ಬರೆದಿದ್ದೆನೋ ಅಲ್ಲಿ ಈಗ ದನ ಕಟ್ಟುತ್ತಾರೆ.