ಸೋಮವಾರ ತಲೆಯ ಮೇಲೆ ಬಂದ ಹುಲ್ಲು

ನಿಮ್ಮ ಅಜ್ಜ ತೀರಿದ ವರ್ಷ, ಗೊಬ್ಬೂರ ದಾರಿಯ ನಮ್ಮ ಹೊಲದ ಹುಲ್ಲನ್ನು ಯಾವಾಗ ಕೊಯ್ಯಬೇಕೆಂದು ಹೇಳುವ ಪಾಳಿ ನನಗೆ ಬಂತು. ಅಲ್ಲಿಯವರೆಗೆ ಅವರು ಹೇಳುತ್ತಿದ್ದರು, ನಾನು ಕುಡುಗೋಲು ಹಿಡಿಯುತ್ತಿದ್ದೆ. ಬೇಸಿಗೆಯಲ್ಲಿ ಎರಡು ಎತ್ತಿಗೂ ಎಮ್ಮೆಗೂ ಜೋಳದ ಕಣಿಕೆ ಸಾಲುತ್ತಿರಲಿಲ್ಲ. ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ ಬೆಳೆದ ಈ ಹುಲ್ಲೇ ಅವುಗಳ ಆಸರೆ.

ಹುಲ್ಲು ಆಗಷ್ಟೇ ಹೂವಿಗೆ ಬಂದಿತ್ತು. ಕಡ್ಡಿ ಬಗ್ಗಿಸಿದರೆ ಬಾಗುತ್ತಿತ್ತು, ಮುರಿಯುತ್ತಿರಲಿಲ್ಲ.

ಮೈದುನ ಒಪ್ಪಲಿಲ್ಲ. "ಇನ್ನೊಂದೀಟು ಬೆಳೀಲಿ ಬಿಡ್ರಿ ವೈನಿ. ಹೊರಿ ಹೆಚ್ಚಾಗ್ತಾವ."

"ಹೊರಿ ಹೆಚ್ಚಾಗ್ತಾವ್ರಿ. ಬೀಜ ಉದುರಿ ಕಡ್ಡಿ ಆದಮ್ಯಾಲ ತಿನ್ನಾವ್ರು ಯಾರು?" ಅಂದೆ. ಅಂದಮೇಲೆ ನನ್ನ ದನಿಗೆ ನಾನೇ ಬೆಚ್ಚಿದೆ.

ಶನಿವಾರ ಕೊಯ್ದೆವು. ರವಿವಾರ ಸಂಜೆ ಬಂಡಿಗೆ ಹೇರುವ ವಿಚಾರವಿತ್ತು. ಆದರೆ ಅಷ್ಟರಲ್ಲಿ ಮೇಲೆ ಒಣಗಿದ ಹುಲ್ಲು ಅಡಿಯಲ್ಲಿ ಇನ್ನೂ ಹಸಿಯಾಗಿತ್ತು. ಹಾಗೆಯೇ ಬಣವೆ ಒಟ್ಟಿದರೆ ಒಳಗೆ ಕಾವು ಏರಿ ಕೊಳೆಯುತ್ತದೆ. ಮರುದಿನ ನೋಡಿದರೆ ಸೋಮವಾರ, ಬಸವಣ್ಣನ ವಾರ. ನಮ್ಮ ಮನೆಯಲ್ಲಿ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ.

"ಈಗೇ ಹೇರೂಣ್ರಿ," ಅಂದ ಮೈದುನ. "ನಾಳಿ ಮಳಿ ಬಂದ್ರ?"

ನಾನು ಹುಲ್ಲನ್ನು ತಿರುವಿ ಹಾಕತೊಡಗಿದೆ.

ಸೋಮವಾರ ಮಧ್ಯಾಹ್ನ ಹುಲ್ಲು ಚೆನ್ನಾಗಿ ಒಣಗಿತು. ಅದೇ ಹೊತ್ತಿಗೆ ಆಳಂದದ ಕಡೆ ಕರೀ ಮೋಡ ಎದ್ದಿತು. ಹಳ್ಳದ ಕೆಸರು ದಾಟಿ ಟ್ರ್ಯಾಕ್ಟರ್ ಬರುವಂತಿರಲಿಲ್ಲ. ಮೈದುನ ಮನೆಯ ಮುಂದೆ ಕಟ್ಟಿದ್ದ ಎತ್ತುಗಳ ಕಡೆ ನೋಡಿದ. ಕಟ್ಟೆಯ ಮೇಲಿದ್ದ ನನ್ನ ಅತ್ತೆ ಅದನ್ನು ಕಂಡರು.

"ಹಗ್ಗಕ್ಕ ಕೈ ಹಚ್ಚೀಯಂದ್ರ ನೋಡು! ದಿನಾ ನಮ್ಮದು ಅವು ಹೊರ್ತಾವ. ಇವತ್ತೊಂದಿನ ಅವುಗಳದ್ದು ನಾವು ಹೊರೂಣು."

ಹೊರಲು ಮಂದಿ ಬೇಕಲ್ಲ? ಓಣಿಯಲ್ಲಿ ಯಾರನ್ನೂ ಏನೂ ಕೇಳಿ ನನಗೆ ರೂಢಿಯಿರಲಿಲ್ಲ. ಪಕ್ಕದ ಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತೆ. ರೊಟ್ಟಿ ಬಡಿಯುತ್ತಿದ್ದ ಗೆಳತಿ ಮೋಡ ನೋಡಿದಳು, ನನ್ನನ್ನು ನೋಡಿದಳು.

"ಹುಲ್ಲು ಹೊರಾಕ ಬಾ ಅನ್ನಾಕ ಇಷ್ಟೊತ್ತೇನ್ ಬೇ? ಮಳಿ ನಿನ್ನಂಗ ನಾಚ್ಕೊಂಡು ನಿಂದ್ರಂಗಿಲ್ಲ!"

ಹಿಟ್ಟಿನ ಕೈಯಲ್ಲೇ ಎದ್ದು ಓಣಿಯನ್ನೆಲ್ಲ ಕೂಗಿದಳು. ಹೆಂಗಸರು ತಲೆಗೆ ಬಟ್ಟೆಯ ಸಿಂಬಿ ಸುತ್ತಿಕೊಂಡು ಹೊರಟರು. ಮೈದುನನೂ ತಲೆಯ ಮೇಲೆ ಹೊರೆ ಇಟ್ಟುಕೊಂಡು ಬಂದ. ಎತ್ತುಗಳು ಮೆಲುಕು ಹಾಕುತ್ತ ಅವನನ್ನೇ ನೋಡಿದವು.

"ನೋಡ್ರೆವ್ವಾ, ಮೂರನೇ ಎತ್ತು ಬಂತು!" ಅಂದಳು ಗೆಳತಿ.

ಕೊನೆಯ ಹೊರೆ ಕೊಟ್ಟಿಗೆಯ ತಗಡಿನ ಕೆಳಗೆ ಬಿದ್ದ ಮೇಲೆ ದಪ್ಪ ಹನಿ ಶುರುವಾದವು. ನಾನು ಹೊರೆಯೊಳಗೆ ಮೊಣಕೈವರೆಗೆ ಕೈ ತೂರಿಸಿದೆ. ಕಾವಿರಲಿಲ್ಲ, ಹಸಿಯಿರಲಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕುಳಿತೆ.

ಮೈದುನ ತಲೆಯ ಕಡ್ಡಿ ಕೊಡವುತ್ತ ಕೇಳಿದ, "ಮುಂದಿನ ವರ್ಷ ಯಾವಾಗ ಕೊಯ್ಯೂದು, ಈಗೇ ಹೇಳಿಬಿಡ್ರಿ ವೈನಿ."

"ಹೂವಿಗಿ ಬಂದಾಗ್ರಿ," ಅಂದೆ. "ಆದ್ರ ಶನಿವಾರ ಬ್ಯಾಡ, ಮಂಗಳವಾರ."

ಅತ್ತೆಯೇ ಮೊದಲು ನಕ್ಕರು.